ಲಿಫ್ಟಣ್ಣ ಪ್ರಮಾಣ ಮಾಡಿದ್ದು

ನನ್ನ ಸೋದರಮಾವ ಮೂವತ್ತೊಂದು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಕೆಲಸ ಮಾಡಿದರು. ಪುರಸಭೆಯ ಐದು ಮಹಡಿಯ ಕಟ್ಟಡದಲ್ಲಿ ಅವರು ಲಿಫ್ಟ್ ನಡೆಸುತ್ತಿದ್ದರು. ಅಲ್ಲಿ ಎಲ್ಲರಿಗೂ ಅವರು ಲಿಫ್ಟಣ್ಣ. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೆಯೇ ಕರೆಯುತ್ತಿದ್ದರು. ಮನೆಯಲ್ಲಿ ಅತ್ತೆ ಮಾತ್ರ ಸಿಟ್ಟು ಬಂದಾಗ ಆ ಹೆಸರು ಎತ್ತುತ್ತಿದ್ದರು. "ಲಿಫ್ಟಣ್ಣೋರು ಇವತ್ತು ಮೇಲಿದಾರೋ ಕೆಳಗಿದಾರೋ?" ಎಂದರೆ ಮಾವ ಅವತ್ತು ಸೋಪು ತರಲು ಮರೆತಿದ್ದಾರೆ ಎಂದರ್ಥ.

ಆಗಿನ ಲಿಫ್ಟಿಗೆ ಈಗಿನ ಹಾಗೆ ಗುಂಡಿಗಳಿರಲಿಲ್ಲ. ಗೋಡೆಯಲ್ಲಿ ಒಂದು ಹಿತ್ತಾಳೆಯ ಹಿಡಿಕೆ. ಎಡಕ್ಕೆ ಎಳೆದರೆ ಮೇಲೆ, ಬಲಕ್ಕೆ ಎಳೆದರೆ ಕೆಳಗೆ. ಬಾಗಿಲೆಂದರೆ ಮಡಚಿಕೊಳ್ಳುವ ಕಬ್ಬಿಣದ ಜಾಲರಿ, ಅದರ ಸಂದಿಯಲ್ಲಿ ಇಟ್ಟಿಗೆ ಗೋಡೆ ಕೆಳಗೆ ಜಾರುವುದು ಕಾಣುತ್ತಿತ್ತು. ಹಿಡಿಕೆಯನ್ನು ಸರಿಯಾದ ಕ್ಷಣಕ್ಕೆ ಬಿಡದಿದ್ದರೆ ಲಿಫ್ಟು ನೆಲಕ್ಕಿಂತ ಗೇಣು ಮೇಲೋ ಗೇಣು ಕೆಳಗೋ ನಿಲ್ಲುವುದು, ಜನ ಎಡವುವುದು. ಮಾವ ಬಿಟ್ಟರೆ ಮಾತ್ರ ಎರಡೂ ನೆಲ ಒಂದೇ ಹಾಸಿನಂತೆ ಕೂಡಿಕೊಳ್ಳುತ್ತಿದ್ದವು. ಶಾಲೆಗೆ ರಜೆ ಬಂದಾಗ ನಾನು ಅವರ ಕಾಲ ಬುಡದಲ್ಲಿ ಕೂತು ಇದನ್ನೆಲ್ಲ ನೋಡಿದ್ದೇನೆ. ಗ್ರೀಸಿನ ವಾಸನೆ, ಮಾವನ ಕೋಟಿನ ಉಣ್ಣೆಯ ವಾಸನೆ, ಒಳಗೆ ಬಂದವರ ಒದ್ದೆ ಕೊಡೆಗಳ ವಾಸನೆ. ಇವತ್ತಿಗೂ ಹಳೆಯ ಕಟ್ಟಡವೊಂದರ ಬಾಗಿಲು ತೆರೆದಾಗ ಆ ಮೂರೂ ಒಟ್ಟಿಗೆ ಬಂದಂತಾಗಿ ಒಂದು ಗಳಿಗೆ ನಿಂತುಬಿಡುತ್ತೇನೆ.

ಆ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ದೊಡ್ಡ ಸಭಾಂಗಣವಿತ್ತು. ಪ್ರತಿ ತಿಂಗಳ ಕೊನೆಯ ಗುರುವಾರ ಹೊರದೇಶಗಳಿಂದ ಬಂದು ನೆಲೆಸಿದವರು ಅಲ್ಲಿ ಸೇರಿ, ಕೈಯೆತ್ತಿ ಪ್ರಮಾಣವಚನ ಹೇಳಿ, ಈ ದೇಶದ ಪ್ರಜೆಗಳಾಗುತ್ತಿದ್ದರು. ಹತ್ತತ್ತು ಜನರಂತೆ ಅವರನ್ನು ಮೇಲಕ್ಕೆ ಒಯ್ಯುವವರು ಮಾವ.

"ಹತ್ತುವಾಗ ಯಾರೂ ಉಸಿರು ಬಿಡಲ್ಲ," ಎನ್ನುತ್ತಿದ್ದರು. "ಕಾಗದ ಇದೆಯಾ ಅಂತ ಜೇಬು ಮುಟ್ಟಿ ನೋಡ್ಕೋತಾರೆ. ಒಂದ್ ಸಲ ಅಲ್ಲ, ಮಹಡಿಗೊಂದ್ ಸಲ. ಇಳಿಯುವಾಗ ನೋಡಬೇಕು, ಸಂತೆ."

ಮನೆಗೆ ಬಂದ ಮೇಲೆ ನಮಗೆ ಅದರದೇ ವರದಿ. ಒಬ್ಬ ಬಡಗಿ ಇಳಿಯುವಾಗ ಮಾವನ ಕೈ ಹಿಡಿದುಕೊಂಡು ನೆಲಮಹಡಿ ಬಂದರೂ ಬಿಡಲಿಲ್ಲವಂತೆ. ಒಬ್ಬಾಕೆ ಹತ್ತುವಾಗ ಮೂರು ಮಕ್ಕಳ ಮೂಗು ಒರೆಸಿದವಳು ಇಳಿಯುವಾಗ ತನ್ನ ಮೂಗು ಒರೆಸಿಕೊಂಡಳಂತೆ. ಹೀಗೆ ಹತ್ತೊಂಬತ್ತು ವರ್ಷಗಳಲ್ಲಿ ಸಾವಿರಾರು ಜನ. ಅಷ್ಟೂ ಜನರನ್ನು ಪರದೇಶಿಗಳಾಗಿ ಹತ್ತಿಸಿ ಪ್ರಜೆಗಳಾಗಿ ಇಳಿಸಿದ ಮಾವ ಮಾತ್ರ ಅಲ್ಲಿಯವರೆಗೆ ಅರ್ಜಿಯನ್ನೇ ಹಾಕಿರಲಿಲ್ಲ.

ಮಾವ ಮತ್ತು ನನ್ನಮ್ಮ ಈ ದೇಶಕ್ಕೆ ಬಂದದ್ದು ಒಂದೇ ಟ್ರಂಕಿನೊಂದಿಗೆ. ಮಾವನಿಗೆ ಇಪ್ಪತ್ತೈದು, ಅಮ್ಮನಿಗೆ ಹತ್ತೊಂಬತ್ತು. ಅಲ್ಲಿ ಗಲಾಟೆಯ ವರ್ಷ. ಅಂಗಡಿಗಳು ಸುಟ್ಟುಹೋದವು, ಕೆಲಸ ಕೊಡುತ್ತಿದ್ದ ಗಿರಣಿಗೆ ಬೀಗ ಬಿತ್ತು. ತಾಯಿಯಿಲ್ಲದ ಇವರಿಬ್ಬರನ್ನೂ ಸಾಕಿದವರು ಅವರ ಅಕ್ಕ, ನನಗೆ ದೊಡ್ಡಮ್ಮ. ಹೊರಡುವುದೆಂದು ಮೂವರೂ ನಿಶ್ಚಯಿಸಿದ ತಿಂಗಳೇ ಆಕೆಗೆ ಜ್ವರ ಬಂತು. ಆಸ್ಪತ್ರೆಗೆ ಹೋಗುವ ದಾರಿಯೆಲ್ಲ ಮುಚ್ಚಿತ್ತು. ಅವರನ್ನು ಮಣ್ಣು ಮಾಡಿ ಹನ್ನೊಂದನೇ ದಿನ ಇವರು ಹಡಗು ಹತ್ತಿದರು. ಆಕೆಯ ಹೆಸರಿನ ಟಿಕೆಟ್ಟು ಟ್ರಂಕಿನ ತಳದಲ್ಲಿ ಹಾಗೇ ಬಂತು.

ಅಮ್ಮ ಲಾಂಡ್ರಿಯಲ್ಲಿ ಕೆಲಸ ಹಿಡಿದು, ಐದನೇ ವರ್ಷಕ್ಕೇ ಪ್ರಮಾಣ ಮಾಡಿ ಪ್ರಜೆಯಾದರು. ಅದರ ಬಗ್ಗೆ ಅವರಿಗೆ ಹಿಗ್ಗೂ ಇರಲಿಲ್ಲ, ಕುಗ್ಗೂ ಇರಲಿಲ್ಲ. "ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು," ಎಂದು ಮುಗಿಸಿದರು. ಮಾವನಿಗೆ ಹಾಗೆ ಆಗಲಿಲ್ಲ.

ಇದರಲ್ಲೊಂದು ವಿಚಿತ್ರವಿತ್ತು. ಈ ದೇಶದ ಬಗ್ಗೆ ಮಾವನಿಗಿದ್ದ ಅಭಿಮಾನ ಇಲ್ಲೇ ಹುಟ್ಟಿದ ಯಾರಲ್ಲೂ ನಾನು ಕಂಡಿಲ್ಲ. ರೇಡಿಯೋದಲ್ಲಿ ರಾಷ್ಟ್ರಗೀತೆ ಬಂದರೆ ಬಾಯಲ್ಲಿದ್ದ ಬ್ರೆಡ್ಡನ್ನು ನುಂಗಿ ಎದ್ದು ನಿಲ್ಲುತ್ತಿದ್ದರು. ಅದರ ನಾಲ್ಕೂ ಚರಣ ಅವರಿಗೆ ಬಾಯಿಪಾಠ. ನಮಗೆ ಶಾಲೆಯಲ್ಲಿ ಎರಡನೆಯದಕ್ಕೇ ತೊದಲು ಶುರುವಾಗುತ್ತಿತ್ತು. ಬಸ್ಸು ತಡವಾಗಿ ಬಂದರೆ "ಪಾಪ, ಡ್ರೈವರಿಗೇನು ತೊಂದರೆಯೋ" ಎನ್ನುತ್ತಿದ್ದರು. ಸರ್ಕಾರವನ್ನು ಯಾರಾದರೂ ಬೈದರೆ ಎದ್ದು ಬಚ್ಚಲಿಗೆ ಹೋಗಿಬಿಡುತ್ತಿದ್ದರು. "ಉಂಡ ಮನೆ ಜಂತಿ ಎಣಿಸೋರ ಜೊತೆ ಕೂರಲ್ಲ ನಾನು."

ಅವರ ಜೊತೆ ದಿನಾ ವಾದ ಹಾಕುತ್ತಿದ್ದವರೆಂದರೆ ರಿಜಿಸ್ಟ್ರಾರ್ ಮೇಡಂ. ನಾಲ್ಕನೇ ಮಹಡಿಯಲ್ಲಿ ಪ್ರಮಾಣವಚನ ಬೋಧಿಸುತ್ತಿದ್ದವರು ಅವರೇ. ಅದೇ ಊರಲ್ಲಿ ಹುಟ್ಟಿ ಬೆಳೆದವರು, ಎತ್ತರದ ಹೆಂಗಸು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಅದು ಎಲ್ಲಿದೆಯೆಂದು ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಚೌಕದಲ್ಲಿ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲೊಂದಿತ್ತು. ಅದರಲ್ಲಿ ಅವರ ತಾತನ ಹೆಸರಿತ್ತು. ಅವರು ದಿನಾ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದರು, ಕತ್ತೆತ್ತಿಯೂ ನೋಡುತ್ತಿರಲಿಲ್ಲ. ಮಾವ ಮಾತ್ರ ಅಲ್ಲಿ ಟೋಪಿ ತೆಗೆಯುತ್ತಿದ್ದರು.

ಹನ್ನೊಂದು ಗಂಟೆಯ ಚಹಾ ಇಬ್ಬರಿಗೂ ಲಿಫ್ಟಿನ ಬಾಗಿಲಲ್ಲೇ.

"ಹೆಮ್ಮೆ ಪಡೋಕೆ ನಾನೇನು ಮಾಡಿದೀನಿ ಲಿಫ್ಟಣ್ಣ?" ಎಂದು ಮೇಡಂ ಕೇಳುತ್ತಿದ್ದರು. "ನಮ್ಮಮ್ಮನಿಗೆ ಹೆರಿಗೆ ನೋವು ಬಂದಾಗ ಆಕೆ ಈ ಊರಲ್ಲಿದ್ದಳು. ಅದರಲ್ಲಿ ನನ್ನ ಸಾಧನೆ ಏನಿದೆ?"

"ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು ನಿಮ್ಮದು."

"ಆಯ್ತಪ್ಪ, ನಿಮಗೆ ಇದು ಮದ್ದು. ಮತ್ತೆ ಯಾಕೆ ಇನ್ನೂ ಅರ್ಜಿ ಹಾಕಿಲ್ಲ? ಅದೇನು ಬರೀ ನಾಲ್ಕು ಸಾಲು. ನಾನು ಸಾವಿರ ಸಲ ಓದಿದೀನಿ, ನನಗೇನೂ ಆಗಿಲ್ಲ."

ಮಾತು ಇಲ್ಲಿಗೆ ಬಂದ ತಕ್ಷಣ ಮಾವ ಲೋಟ ಕೆಳಗಿಡುತ್ತಿದ್ದರು. "ಯಾರೋ ಗಂಟೆ ಒತ್ತಿದ್ರು ಮೇಡಂ," ಎಂದು ಜಾಲರಿ ಎಳೆದುಕೊಂಡು ಮಾಯವಾಗುತ್ತಿದ್ದರು. ಗಂಟೆ ಬಡಿದಿರುತ್ತಿರಲಿಲ್ಲ ಎಂದು ಮೇಡಂ ನನಗೆ ಆಮೇಲೆ ಹೇಳಿದರು.

ನನಗೆ ಹದಿನೈದು ತುಂಬಿದ ವರ್ಷ ಶಾಲೆಯಲ್ಲಿ ಒಂದು ಪ್ರಸಂಗವಾಯಿತು. ನಮ್ಮ ತರಗತಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳ ಉಚ್ಚಾರಣೆಯನ್ನು ಯಾರೋ ಅಣಕಿಸಿ, "ನಿಮ್ಮ ದೇಶಕ್ಕೆ ವಾಪಸ್ ಹೋಗು," ಎಂದರು. ಟೀಚರ್ ಕೇಳಿಸಿಕೊಂಡೂ ನಕ್ಕು ಸುಮ್ಮನಾದರು. ಮರುದಿನ ಬೆಳಗ್ಗೆ ರಾಷ್ಟ್ರಗೀತೆಗೆ ಎಲ್ಲರೂ ಎದ್ದಾಗ ನಾನು ಏಳಲಿಲ್ಲ. ಬೆಂಚು ಹಿಡಿದು ಕೂತಿದ್ದೆ. ಹೆಡ್‌ಮಾಸ್ಟರು ಪೋಷಕರನ್ನು ಕರೆಸಿದರು. ಅಮ್ಮನಿಗೆ ಲಾಂಡ್ರಿಯಲ್ಲಿ ರಜೆ ಸಿಗಲಿಲ್ಲ. ಊಟದ ಬಿಡುವಿನಲ್ಲಿ ಮಾವ ಬಂದರು, ಲಿಫ್ಟಿನ ಕೋಟಿನಲ್ಲೇ.

ಗೀತೆ ಕೇಳಿದರೆ ತುತ್ತು ನುಂಗಿ ನಿಲ್ಲುವ ಮನುಷ್ಯ ನನ್ನ ಚರ್ಮ ಸುಲಿಯುತ್ತಾರೆಂದೇ ನಾನು ಕಾದಿದ್ದೆ. ಅವರು ಟೋಪಿ ಕೈಯಲ್ಲಿ ಹಿಡಿದು ಹೆಡ್‌ಮಾಸ್ಟರ ಮಾತನ್ನೆಲ್ಲ ಕೇಳಿದರು. ಆಮೇಲೆ, "ಅವಳು ಮಾಡಿದ್ದು ಸರಿ ಅಂತ ನಾನು ಹೇಳಲ್ಲ ಸಾರ್. ಆದರೆ ಯಾಕೆ ಕೂತೆ ಅಂತ ಅವಳನ್ನ ಯಾರಾದ್ರೂ ಕೇಳಿದ್ರಾ?" ಎಂದರು.

ಯಾರೂ ಕೇಳಿರಲಿಲ್ಲ. ಕೇಳಿದರು. ನಾನು ಹೇಳಿದೆ. ಟೀಚರನ್ನು ಕರೆಸಿದರು, ವಿಷಯ ಅಲ್ಲಿಗೆ ಮುಗಿಯಿತು.

ಹೊರಗೆ ಬಂದು ನಡೆಯುವಾಗ ಮಾವ, "ಆದರೂ ನನಗೆ ನೋವಾಯ್ತು ಪುಟ್ಟಿ," ಎಂದರು.

ಹದಿನೈದರ ವಯಸ್ಸಿನ ನಾಲಿಗೆಗೆ ಹಿಡಿತವಿಲ್ಲ. "ನಿಮಗೆ ಯಾಕೆ ನೋವು? ನೀವು ಈ ದೇಶದವರೇ ಅಲ್ಲವಲ್ಲ," ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೀದಿ ತಿರುಗುವಲ್ಲಿ ಮಾವ ಟೋಪಿ ಹಾಕಿಕೊಂಡರು. ಆಮೇಲೆ ಸಿಟ್ಟಿಲ್ಲದೆ ಹೇಳಿದರು: "ನೀನು ಇಲ್ಲಿ ಹುಟ್ಟಿದವಳು. ನೀನು ಕೂರಬಹುದು. ಕೂತರೂ ಮನೆಯ ಮಗಳೇ, ಬೈದು ಸುಮ್ಮನಾಗ್ತಾರೆ. ನನಗೆ ಕೂರುವಷ್ಟು ಸಲಿಗೆ ಇನ್ನೂ ಬಂದಿಲ್ಲ, ಅಷ್ಟೆ."

ನಾನು ಕ್ಷಮೆ ಕೇಳಲಿಲ್ಲ. ಅವತ್ತು ಗೊತ್ತಾಗಲಿಲ್ಲ, ಆಮೇಲೆ ಹೊತ್ತು ಮೀರಿತ್ತು.

ಅದೇ ವರ್ಷ ಪುರಸಭೆಗೆ ಹೊಸ ಆದೇಶ ಬಂತು. ಕಾಯಂ ನೌಕರರೆಲ್ಲ ಈ ದೇಶದ ಪ್ರಜೆಗಳಾಗಿರಬೇಕು; ಅಲ್ಲದವರು ಒಂದು ವರ್ಷದೊಳಗೆ ಆಗಬೇಕು, ಇಲ್ಲವಾದರೆ ಕೆಲಸ ಬಿಡಬೇಕು. ಅದನ್ನು ನೆಲಮಹಡಿಯಲ್ಲಿ ಲಿಫ್ಟಿನ ಪಕ್ಕದ ಗೋಡೆಗೇ ಅಂಟಿಸಿದರು. ಮಾವ ದಿನಕ್ಕೆ ನೂರು ಸಲ ಅದರ ಮುಂದೆ ಬಂದು ನಿಲ್ಲಬೇಕಾಯಿತು.

ಮನೆಯಲ್ಲಿ ಅತ್ತೆಗೂ ಅವರಿಗೂ ಮಾತಿಗೆ ಮಾತು ಬೆಳೆಯಿತು. "ದಿನಾ ಎದ್ದು ನಿಂತು ಹಾಡ್ತೀರಿ. ನಾಲ್ಕು ಸಾಲು ಹೇಳೋಕೆ ನಿಮ್ಮ ಬಾಯಿಗೇನು ಬೀಗ?" ಎಂದು ಅತ್ತೆ ಕೇಳಿದರು.

"ಹಾಡೋದು ಬೇರೆ. ಪ್ರಮಾಣ ಬೇರೆ," ಎಂದರು ಮಾವ. "ಅದರಲ್ಲೊಂದು ಸಾಲಿದೆ."

ಯಾವ ಸಾಲೆಂದು ಹೇಳಲಿಲ್ಲ. ಅಮ್ಮ ಮಾತ್ರ ಒಗೆದ ಬಟ್ಟೆ ಮಡಿಸುತ್ತಿದ್ದವರು ಕೈ ನಿಲ್ಲಿಸಿದರು. ಅಣ್ಣನ ಮುಖ ನೋಡಿ ಮತ್ತೆ ಮಡಿಸತೊಡಗಿದರು.

ಕೊನೆಗೆ ಮಾವ ಅರ್ಜಿ ಹಾಕಿದರು. ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನೂ ತಪ್ಪು ಮಾಡಲಿಲ್ಲ. ಮಳೆಗಾಲ ಮುಗಿದ ಮೊದಲ ತಿಂಗಳ ಕೊನೆಯ ಗುರುವಾರ ಅವರ ಸರದಿ ಬಂತು. ಅತ್ತೆ ಕೋಟಿನ ಗುಂಡಿಗಳನ್ನು ಬೂದಿ ಹಾಕಿ ಉಜ್ಜಿದ್ದರು. ನಾನು, ಅಮ್ಮ, ಅತ್ತೆ ಮೂವರೂ ಹೋದೆವು. ಅವತ್ತು ಲಿಫ್ಟಿಗೆ ಬೇರೆಯವರನ್ನು ಕೂರಿಸುತ್ತೇವೆಂದರೂ ಮಾವ ಒಪ್ಪಲಿಲ್ಲ. "ಅವರು ಹತ್ತಿಸಿದ್ರೆ ಜನ ಎಡವುತ್ತಾರೆ," ಎಂದು ಮೂವತ್ತು ಜನರನ್ನೂ ಮೂರು ಸಲ ಮೇಲೊಯ್ದು, ಕೊನೆಯ ಸಲ ತಾವೂ ಇಳಿದು, ಜಾಲರಿ ಎಳೆದು ಸಾಲಿನ ತುದಿಯಲ್ಲಿ ನಿಂತರು.

ಮೇಡಂ ಒಂದೊಂದೇ ಸಾಲು ಓದಿದರು, ಸಭೆ ಜೊತೆಯಾಗಿ ಹೇಳಿತು. ಕಾನೂನಿಗೆ ತಲೆಬಾಗುತ್ತೇನೆ ಎಂಬುದನ್ನು ಮಾವ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದರು. ನೆರೆಯವರನ್ನು ನನ್ನವರೆಂದು ಕಾಣುತ್ತೇನೆ ಎಂಬುದನ್ನೂ ಹೇಳಿದರು. ಮೂರನೆಯ ಸಾಲು ಬಂತು: "ಈವರೆಗೆ ನಾನು ಬೇರಾವ ನಾಡಿಗೆ ನಿಷ್ಠೆ ಇಟ್ಟಿದ್ದೆನೋ ಆ ನಿಷ್ಠೆಯನ್ನು ಇಂದು ಪೂರ್ತಿಯಾಗಿ ತ್ಯಜಿಸುತ್ತೇನೆ." ಸಭೆ ಹೇಳಿತು. ಮಾವನ ತುಟಿ ಅಲುಗಲಿಲ್ಲ.

ಮೇಡಂ ತಲೆಯೆತ್ತಿದರು. ಗಂಟಲು ಸರಿಮಾಡಿಕೊಂಡು, ಕಾಗದದಲ್ಲಿ ಸಾಲು ತಪ್ಪಿತೆಂಬಂತೆ ಅದನ್ನೇ ಇನ್ನೊಂದು ಸಲ ಓದಿದರು. ಮೂವತ್ತೂ ಜನ ಇನ್ನೊಂದು ಸಲ ತಮ್ಮ ಹಳೆಯ ನಾಡುಗಳನ್ನು ತ್ಯಜಿಸಿದರು. ಮಾವ ಎದುರಿನ ಕಿಟಕಿ ನೋಡುತ್ತ ಸುಮ್ಮನೆ ನಿಂತಿದ್ದರು. ಅತ್ತೆ ನನ್ನ ಮಣಿಕಟ್ಟು ಹಿಡಿದ ಹಿಡಿತಕ್ಕೆ ಉಗುರಿನ ಗುರುತು ಮೂಡಿತು.

ಎಲ್ಲರಿಗೂ ಪತ್ರ ಕೊಟ್ಟಾದ ಮೇಲೆ ಮೇಡಂ ಮಾವನನ್ನು ತಮ್ಮ ಕೋಣೆಗೆ ಕರೆದರು. ಒಳಗೆ ನಡೆದದ್ದನ್ನು ಮಾವ ನನಗೆ ಅರ್ಧ ಹೇಳಿದರು, ಉಳಿದರ್ಧವನ್ನು ವರ್ಷಗಳ ನಂತರ ಮೇಡಂ ಹೇಳಿದರು.

"ನನಗೆ ನಿಮ್ಮ ದನಿ ಕೇಳಿಸಲಿಲ್ಲ ಲಿಫ್ಟಣ್ಣ."

"ನಾನು ಹೇಳಲಿಲ್ಲ ಮೇಡಂ."

"ಕೇಳಿಸಿಕೊಂಡೆ ಅಂತ ನಾನು ಸಹಿ ಹಾಕಬೇಕು. ಹೇಗೆ ಹಾಕಲಿ?"

"ಹಾಕಬೇಡಿ. ಸುಳ್ಳು ಸಹಿ ನಿಮಗೂ ಬೇಡ. ನಾನು ನಾಳೆ ಕೀಲಿ ಒಪ್ಪಿಸ್ತೀನಿ."

ಮೇಡಂ ಬಾಗಿಲು ಹಾಕಿಕೊಂಡು ಬಂದು, ಮೇಜಿನ ಆ ಬದಿಯಲ್ಲಲ್ಲ, ಮಾವನ ಪಕ್ಕದ ಕುರ್ಚಿಯಲ್ಲಿ ಕೂತರಂತೆ. ಆ ದೇಶ ನಿಮಗೆ ಅಷ್ಟು ಪ್ರೀತಿಯೇ ಎಂದು ಕೇಳಿದರಂತೆ.

"ಪ್ರೀತಿ ಎಲ್ಲಿಂದ ಮೇಡಂ. ಅಲ್ಲಿ ನಮ್ಮನ್ನ ಬೆಂಕಿ ಹಾಕಿ ಓಡಿಸಿದ್ರು. ಆ ಸರ್ಕಾರಕ್ಕೆ ನಾನು ನಿಷ್ಠೆ ಇಟ್ಟಿದ್ದೇ ಇಲ್ಲ," ಎಂದರು ಮಾವ. ಆಮೇಲೆ, "ಆದರೆ ನಮ್ಮಕ್ಕ ಅಲ್ಲಿದಾಳೆ. ಮಣ್ಣು ಮಾಡಿ ಹನ್ನೊಂದು ದಿನಕ್ಕೆ ಬಿಟ್ಟು ಬಂದೆ. ಒಂದ್ ಸಲ ಬಿಟ್ಟದ್ದೇ ಸಾಕಾಗಿದೆ. ಇನ್ನೊಂದ್ ಸಲ, ಅದೂ ಕೈಯೆತ್ತಿ, ಸಭೆಯಲ್ಲಿ, ಬಿಟ್ಟೆ ಅಂತ ಹೇಳು ಅಂದ್ರೆ ನನ್ನ ಕೈಲಿ ಆಗಲ್ಲ," ಎಂದರು.

ಮೇಡಂ ಯಾವಾಗಲೂ ಬಾಯಿಪಾಠದಂತೆ ಓದಿ ಮುಗಿಸುತ್ತಿದ್ದ ಆ ಕಾಗದವನ್ನು ಮೇಜಿನ ಮೇಲೆ ಹರಡಿದರು. ಕನ್ನಡಕ ಹುಡುಕಿ, ಕೊರಳಲ್ಲೇ ಕಂಡು, ಹಾಕಿಕೊಂಡರು. ಒಂದನೇ ತರಗತಿಯ ಮಗುವಿಗೆ ಓದಿಸುವಂತೆ ಪ್ರತಿ ಪದದ ಕೆಳಗೂ ಬೆರಳಿಟ್ಟು ಓದಿದರು. "ನಾಡು ಅಂತಿದೆ. ನಿಷ್ಠೆ ಅಂತಿದೆ. ಇಲ್ಲಿ ಅಕ್ಕ ಎಲ್ಲಿದಾಳೆ ತೋರಿಸಿ."

ಮಾವ ನೋಡಿದರು. ಮತ್ತೆ ನೋಡಿದರು.

"ಅವಳನ್ನ ಯಾರೂ ಕೇಳ್ತಿಲ್ಲ ಲಿಫ್ಟಣ್ಣ. ಕೇಳೋ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ. ಅವಳು ನಿಮ್ಮವಳು, ಜೊತೆಗೇ ಇರ್ತಾಳೆ."

ಮಾವ ಎದ್ದರು. ಕೈಯೆತ್ತಲು ಹೋಗಿ ಅರ್ಧಕ್ಕೇ ನಿಲ್ಲಿಸಿ, "ಒಬ್ಬನೇ ಹೇಳೋದು ಒಂಥರಾ ಆಗುತ್ತೆ ಮೇಡಂ," ಎಂದರಂತೆ.

ಮೇಡಂ ಇದನ್ನು ಹೇಳುವಾಗ ಅವರಿಗೆ ಎಪ್ಪತ್ತರ ಹತ್ತಿರ. ಚೌಕದ ಬೆಂಚಿನ ಮೇಲೆ ಕೂತಿದ್ದೆವು. "ಆಗ ನನಗೆ ಹೊಳೀತು ನೋಡು," ಎಂದರು. "ಅಷ್ಟು ವರ್ಷ ಊರಿಗೆಲ್ಲ ಪ್ರಮಾಣ ಬೋಧಿಸಿದೀನಿ. ನಾನು ಮಾತ್ರ ಒಂದ್ ಸಲವೂ ಮಾಡಿಲ್ಲ. ಇಲ್ಲಿ ಹುಟ್ಟಿದವರನ್ನ ಯಾರೂ ಕೇಳೋದೇ ಇಲ್ಲವಲ್ಲ. ಎದ್ದು ಅವರ ಪಕ್ಕ ನಿಂತೆ. ಕೈಯೆತ್ತಿದೆ. ಇಬ್ಬರೂ ಮೊದಲಿಂದ ಹೇಳಿದ್ವಿ. ನೆರೆಯವರನ್ನ ನನ್ನವರು ಅಂತ ಕಾಣ್ತೀನಿ ಅನ್ನೋ ಸಾಲಿನಲ್ಲಿ ನನ್ನ ದನಿಯೇ ಕೈಕೊಡ್ತು. ನಿಮ್ಮ ಮಾವ ಮುಂದುವರಿಸಿದ್ರು, ನಾನು ಹಿಂದೆ ಹೇಳ್ಕೊಂಡು ಹೋದೆ."

ಹೊರಗೆ ಕಾಯುತ್ತಿದ್ದ ನಮಗೆ ಇದೊಂದೂ ಗೊತ್ತಿರಲಿಲ್ಲ. ಬಾಗಿಲು ತೆರೆಯಿತು, ಮಾವ ಪತ್ರ ಹಿಡಿದು ಬಂದರು. ಅಮ್ಮ ಎದ್ದು ಹೋಗಿ ಅಣ್ಣನ ಕೋಟಿನ ತೋಳು ಹಿಡಿದು, "ಅಕ್ಕ ಇದ್ದಿದ್ರೆ ಇಷ್ಟು ತಡ ಮಾಡಿದ್ದಕ್ಕೆ ಬೈತಿದ್ಲು," ಎಂದರು. ಅಮ್ಮನ ಬಾಯಲ್ಲಿ ದೊಡ್ಡಮ್ಮನ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾವ ಏನೋ ಹೇಳಲು ಹೋದರು. ಅಷ್ಟರಲ್ಲಿ ನಿಜವಾಗಿಯೇ ಗಂಟೆ ಬಡಿಯಿತು, ಅವರು ಲಿಫ್ಟಿಗೆ ಓಡಿದರು.

ಪ್ರಜೆಯಾದ ಮೇಲೆ ಮಾವ ಕೆಟ್ಟುಹೋದರು ಎನ್ನುವುದು ಅತ್ತೆಯ ಮಾತು. ಒಂದೇ ವಾರದಲ್ಲಿ ಗೊಣಗಾಟ ಶುರುವಾಯಿತು. ಬಸ್ಸು ಐದು ನಿಮಿಷ ತಡವಾದರೆ ಗಡಿಯಾರ ನೋಡಿ ಡ್ರೈವರಿಗೇ ಹೇಳುವರು. ಬೀದಿದೀಪ ಕೆಟ್ಟಿದೆಯೆಂದು ಪುರಸಭೆಗೆ ಕಾಗದ ಬರೆದು, ಅದನ್ನು ತಾವೇ ಲಿಫ್ಟಿನಲ್ಲಿ ಎರಡನೇ ಮಹಡಿಗೆ ಒಯ್ದು ಕೊಟ್ಟರು. ಮಂತ್ರಿಗಳ ಭಾಷಣ ಬಂದರೆ ರೇಡಿಯೋದೊಂದಿಗೇ ಜಗಳ. "ಏನ್ರೀ ಇದು, ಮೊದಲು ಬಾಯಿಬಿಡ್ತಿರಲಿಲ್ಲ," ಎಂದು ಅತ್ತೆ ಕೇಳಿದರೆ, "ಆಗ ಅತಿಥಿ ಕಣೇ. ಅತಿಥಿ ಸಾರಿಗೆ ಉಪ್ಪು ಕಮ್ಮಿ ಅನ್ನಬಾರದು. ಮನೆಯವನು ಅನ್ನದಿದ್ರೆ ತಪ್ಪು," ಎನ್ನುತ್ತಿದ್ದರು. ರಿಜಿಸ್ಟ್ರಾರ್ ಮೇಡಂ ಮಾತ್ರ ಹನ್ನೊಂದರ ಚಹಾದಲ್ಲಿ ಈಗ ಸರ್ಕಾರದ ಪರ ವಹಿಸತೊಡಗಿದರು. ವಾದ ನಿಲ್ಲಲಿಲ್ಲ, ಇಬ್ಬರೂ ಕುರ್ಚಿ ಬದಲಾಯಿಸಿಕೊಂಡರು ಅಷ್ಟೆ.

ಮಾವ ನಿವೃತ್ತರಾದ ವರ್ಷವೇ ಆ ಲಿಫ್ಟು ಕಿತ್ತು ಗುಂಡಿ ಒತ್ತುವ ಲಿಫ್ಟು ಹಾಕಿದರು. ಅದು ತಾನೇ ನಿಲ್ಲುತ್ತದೆ, ಯಾರೂ ಎಡವುವುದಿಲ್ಲ. ಮಾವ ಒಮ್ಮೆ ಹೋಗಿ ನೋಡಿ ಬಂದು, "ಚೆನ್ನಾಗಿದೆ, ಮಾತೇ ಆಡಲ್ಲ," ಎಂದರು. ಈಗ ಮಾವನೂ ಇಲ್ಲ, ಮೇಡಮ್ಮೂ ಇಲ್ಲ. ಕಟ್ಟಡ ಇದೆ.

ಅವರು ಮೊದಲ ಸಲ ಮತ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಬೀದಿಯಲ್ಲಿ ಅರ್ಧ ಜನ ಮತಗಟ್ಟೆಯ ಕಡೆ ತಲೆಯೂ ಹಾಕಲಿಲ್ಲ. ಮಾವ ಬಾಗಿಲು ತೆರೆಯುವ ಮುಂಚೆಯೇ ಹೋಗಿ ಸಾಲಿನಲ್ಲಿ ಮೊದಲಿಗರಾಗಿ ನಿಂತಿದ್ದರು. ಒಳಗೆ ಹೋದವರು ಹದಿನೈದು ನಿಮಿಷ ಹೊರಗೆ ಬರಲಿಲ್ಲ. ಅಧಿಕಾರಿ ಪರದೆಯ ಆಚೆಯಿಂದ ಕೆಮ್ಮಿದರಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಯಾರಿಗೆ ಹಾಕಿದಿರಿ ಎಂದು ಅತ್ತೆ ಕೇಳಿದರು. "ಅದು ಗುಟ್ಟು," ಎಂದರು ಮಾವ. ಅಮ್ಮ ಕೇಳಿದರು, ನಾನು ಕಾಡಿದೆ. ಇಷ್ಟಗಲ ನಗುತ್ತ, "ಕಾನೂನೇ ಹೇಳುತ್ತೆ, ಹೇಳಬೇಕಾಗಿಲ್ಲ ಅಂತ," ಎಂದು ಅನ್ನ ಕಲಸಿಕೊಂಡರು. ಲಿಫ್ಟಿನ ವರದಿಯನ್ನೆಲ್ಲ ದಿನಾ ಮನೆಗೆ ತಂದು ಒಪ್ಪಿಸುತ್ತಿದ್ದ ಮನುಷ್ಯ, ಅದೊಂದನ್ನು ಕೊನೆಯವರೆಗೂ ಅತ್ತೆಗೂ ಹೇಳಲಿಲ್ಲ.